ಹುರಿಹಿಟ್ಟಿಗೆ ಹುರಿ

ಭಾನುವಾರ, 17 ನವೆಂಬರ್ 2024
ಶಿಡ್ಲಘಟ್ಟದ ಹತ್ತಿರ, ನಮ್ಮೂರು

ಬಲಗೈ ಹೆಬ್ಬೆರಳಿನ ತುದಿ ಉರಿಯುತ್ತಿದೆ. ಅದಕ್ಕೇ ಇವತ್ತು ಟೈಪ್ ಮಾಡುವುದೂ ನಿಧಾನ. ಮೂರು ದಿನದಿಂದ ದಾರ ಹೊಸೆಯುತ್ತಿದ್ದೇನೆ. ಸಂಜೆ ಅಳೆದಾಗ ಹದಿಮೂರು ಮಾರು ಆಗಿತ್ತು. ಬೇಕಾಗಿರುವುದು ಇಪ್ಪತ್ತು.

ಮುಂದಿನ ಭಾನುವಾರ ಅಣ್ಣನ ಹೊಸ ಮನೆಯ ಗೃಹಪ್ರವೇಶ. ಹತ್ತಿರದ ನೆಂಟರಿಗೆ ತಾಂಬೂಲದ ಜೊತೆ ಏನು ಕೊಡುವುದು ಅಂತ ಒಂದು ವಾರ ಮಾತಾಯಿತು. ಸ್ಟೀಲ್ ಬಟ್ಟಲು ಬೇಡ, ಎಲ್ಲರ ಮನೆ ಅಟ್ಟದಲ್ಲೂ ರಾಶಿ ಬಿದ್ದಿದೆ. ಪ್ಲಾಸ್ಟಿಕ್ ಡಬ್ಬಿ ಅಂದರೆ ಅಣ್ಣನ ಮಗಳು ಜಗಳಕ್ಕೇ ಬರುತ್ತಾಳೆ. ಕೊನೆಗೆ ಅತ್ತಿಗೆ ಹೇಳಿದ್ದು ಎಲ್ಲರಿಗೂ ಒಪ್ಪಿಗೆಯಾಯಿತು. ಮನೆಯ ರಾಗಿಯ ಹುರಿಹಿಟ್ಟು, ಮನೆಗೆ ಕಾಲು ಕೆಜಿ, ಬಿಳಿ ಬಟ್ಟೆಯ ಚಿಕ್ಕ ಚೀಲದಲ್ಲಿ. ನಲವತ್ತು ಚೀಲ. ಬಾಯಿ ಕಟ್ಟುವ ದಾರದ ಜವಾಬ್ದಾರಿ ನನ್ನದು.

ಮೊದಲು ನಾನೂ ಎಲ್ಲರ ಹಾಗೆ ಅಂಗಡಿಗೆ ಹೋಗಿ ಸೆಣಬಿನ ದಾರದ ಉಂಡೆ ತಂದೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದಲ್ಲ, ಅದೇ. ಒಂದು ಚೀಲ ಕಟ್ಟಿ ಇಟ್ಟೆ. ಮಾರನೇ ದಿನ ಅಮ್ಮ ಬಿಚ್ಚಿ ಮೂಸಿ, "ಇದೇನೇ, ಹಿಟ್ಟು ಸೀಮೆಎಣ್ಣೆ ವಾಸನೆ ಹೊಡೀತಿದೆ?" ಅಂದರು. ಹೌದು, ಹೊಡೆಯುತ್ತಿತ್ತು. ಸೆಣಬಿನ ನಾರು ಒರಟು. ಮಿಲ್ಲಿನಲ್ಲಿ ನೂಲುವ ಮುಂಚೆ ಅದನ್ನು ಮೆದು ಮಾಡಲು ಖನಿಜ ಎಣ್ಣೆ ಬೆರೆಸಿದ ನೀರು ಹಾಕುತ್ತಾರೆ. ಆಹಾರ ತುಂಬುವ ಚೀಲಗಳಿಗೆ ತೌಡಿನ ಎಣ್ಣೆ ಬಳಸುವುದೂ ಉಂಟು. ನಾನು ತಂದ ಉಂಡೆ ಆ ಜಾತಿಯದ್ದಲ್ಲ. ಹುರಿದ ರಾಗಿಯ ಘಮ ಎಲ್ಲಿ, ಈ ವಾಸನೆ ಎಲ್ಲಿ! ಉಂಡೆ ಈಗ ಟೊಮೇಟೊ ಗಿಡಕ್ಕೆ ಕಡ್ಡಿ ಕಟ್ಟಲು ಹೋಗಿದೆ.

ಇನ್ನೊಂದು ಯೋಚನೆಯೂ ಬಂತು. ನಮ್ಮ ದೇಶದ ಸೆಣಬಿನಲ್ಲಿ ಹೆಚ್ಚಿನದು ಬೆಳೆಯುವುದು ಪಶ್ಚಿಮ ಬಂಗಾಳದಲ್ಲಿ. ಅಲ್ಲಿಂದ ಇಲ್ಲಿಗೆ ಬರಬೇಕು, ಶಿಡ್ಲಘಟ್ಟದ ಚೀಲದ ಬಾಯಿ ಕಟ್ಟಲು. ಇಲ್ಲಿ ನಮ್ಮ ಒಲೆಯಲ್ಲಿ ದಿನಾ ಉರಿಯುವುದು ಏನು? ಹಿಪ್ಪುನೇರಳೆ ಕಡ್ಡಿ. ಅದರ ಮೈತುಂಬ ನಾರು.

ಊರಿನವರಿಗೆ ಇದು ಹೊಸ ವಿಷಯ ಅಲ್ಲ. ತೋಟದಲ್ಲಿ ಸೊಪ್ಪು ಕುಯ್ದು ಹೊರೆ ಕಟ್ಟುವಾಗ ಹಗ್ಗ ಮರೆತಿದ್ದರೆ, ಒಂದು ಕಡ್ಡಿಯ ಸಿಪ್ಪೆ ಸರ್ರನೆ ಎಳೆದು ಅದರಲ್ಲೇ ಬಿಗಿದು ಬರುತ್ತಾರೆ. ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಆದರೆ ರೇಷ್ಮೆ ಹುಳದ ಮನೆಯಲ್ಲಿ ಎಲ್ಲರ ಕಣ್ಣೂ ಗೂಡಿನ ಮೇಲೆ. ಕಡ್ಡಿ ಅಂದರೆ ಸೌದೆ, ಅಷ್ಟೆ.

ಹುಳಕ್ಕೆ ಹಾಕಿ ಮಿಕ್ಕ ಕಡ್ಡಿ ನನಗೆ ಬೇಡವಾಗಿತ್ತು. ಅದರ ಮೇಲೆ ಸುಣ್ಣ, ಹುಳದ ಹಾಸಿಗೆಗೆ ಉದುರಿಸುವ ಔಷಧಿ, ಹಿಕ್ಕೆ ಎಲ್ಲ ಇರುತ್ತದೆ. ತಿನ್ನುವ ಪದಾರ್ಥದ ಚೀಲಕ್ಕೆ ಅದು ಸರಿಯಲ್ಲ. ಅದೃಷ್ಟಕ್ಕೆ ಈ ಸಲ ಹುಳು ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆಗೆ ಹೋದ ಮೇಲೂ ತೋಟದಲ್ಲಿ ನಾಲ್ಕು ಸಾಲು ಸೊಪ್ಪು ಉಳಿದಿತ್ತು. ಅದನ್ನು ಕುಯ್ದು ಮೇಕೆಗಳಿಗೆ ಹಾಕಿ, ಕಡ್ಡಿ ನನಗೆ ಇಟ್ಟುಕೊಳ್ಳೋಣ ಅಂದುಕೊಂಡೆ. ಮೇಕೆಗಳ ಲೆಕ್ಕ ಬೇರೆ ಇತ್ತು. ಎಲೆ ಮುಗಿಸಿ ತೊಗಟೆಗೇ ಬಾಯಿ ಹಾಕಿದವು. ಎಷ್ಟು ನಾಜೂಕಾಗಿ ಸುಲಿಯುತ್ತವೆ ಅಂದರೆ, ನನಗಿಂತ ಚೆನ್ನಾಗಿ. ಆಮೇಲೆ ಎಲೆ ಸವರಿ ಅವಕ್ಕೆ ಹಾಕಿ, ಕಡ್ಡಿಯನ್ನು ಜಗಲಿಗೆ ಹೊತ್ತುಕೊಂಡು ಬಂದೆ.

ಕುಯ್ದ ದಿನವೇ ಸುಲಿದರೆ ಕೆಲಸ ಸುಲಭ. ಬುಡದಲ್ಲಿ ಚಾಕುವಿನಿಂದ ಸೀಳಿ ಹಿಡಿದು ಎಳೆದರೆ ತುದಿಯವರೆಗೂ ಉದ್ದಕ್ಕೆ ಬರುತ್ತದೆ. ಒಣಗಿದರೆ ಕಡ್ಡಿಗೆ ಕಚ್ಚಿಕೊಂಡುಬಿಡುತ್ತದೆ, ಮತ್ತೆ ನೆನೆಸಬೇಕು. ಬಂದ ಪಟ್ಟಿಯನ್ನು ಮಡಚಿದರೆ ಹೊರಗಿನ ಒರಟು ಸಿಪ್ಪೆ ಬಿರಿಯುತ್ತದೆ. ಅದನ್ನು ಉಗುರಿನಲ್ಲಿ ಕೆರೆದು ತೆಗೆದರೆ ಕೆಳಗೆ ಬೆಳ್ಳಗೆ, ಹಾಲಿನ ಕೆನೆ ಬಣ್ಣದ ಒಳತೊಗಟೆ. ದಾರಕ್ಕೆ ಬೇಕಾದ್ದು ಇದೇ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ಇರುವುದೂ ಈ ಪದರದಲ್ಲೇ.

ಮೊದಲ ಸಲ ಇದನ್ನು ಕೆಡಿಸಿದ್ದೂ ಬರೆಯಬೇಕು. ಹೋದ ತಿಂಗಳು ಪರೀಕ್ಷೆಗೆ ಅಂತ ಒಂದು ಕಟ್ಟು ಸಿಪ್ಪೆಯನ್ನು ಹಿತ್ತಲ ಡ್ರಮ್ಮಿನಲ್ಲಿ ನೆನೆ ಹಾಕಿದ್ದೆ. ನಾಲ್ಕು ದಿನ ಅಂತ ಇಟ್ಟಿದ್ದು, ಮರೆತು ಹದಿನಾಲ್ಕು ದಿನವಾಯಿತು. ಕೊಳೆಹಾಕುವುದು ಅಂದರೆ ಸುಮ್ನೆ ನೀರಲ್ಲಿ ಬಿಡುವುದಲ್ಲ. ನಾರನ್ನು ನಾರಿಗೆ ಅಂಟಿಸಿರುವ ಗೋಂದನ್ನು ನೀರಿನಲ್ಲಿರುವ ಸೂಕ್ಷ್ಮಜೀವಿಗಳು ತಿನ್ನುತ್ತವೆ, ಆಗ ನಾರು ಬಿಡಿಬಿಡಿಯಾಗುತ್ತದೆ. ಗೋಂದು ಮುಗಿದ ಮೇಲೂ ಬಿಟ್ಟರೆ ನಾರಿಗೇ ಕೈ ಹಾಕುತ್ತವೆ. ನನ್ನದು ಹಾಗೇ ಆಯಿತು. ಹಿಡಿದು ಎಳೆದರೆ ನೆನೆದ ಕಾಗದದ ಹಾಗೆ ಕಿತ್ತು ಬಂತು. ವಾಸನೆ ಹೇಳಲಾರೆ. "ಇನ್ನೊಂದ್ಸಲ ಇಲ್ಲಿ ಡ್ರಮ್ಮಿಟ್ರೆ ನಿನ್ನನ್ನೂ ಅದರಲ್ಲೇ ನೆನೆ ಹಾಕ್ತೀನಿ" ಅಂದ ಅಣ್ಣ.

ಈ ಸಲ ನೆನೆಸುವ ಗೋಜೇ ಇಲ್ಲ. ಸೌದೆ ಬೂದಿಯ ತಿಳಿನೀರಿನಲ್ಲಿ ಒಂದು ಗಂಟೆ ಕುದಿಸಿ, ನಾಲ್ಕು ನೀರಿನಲ್ಲಿ ತೊಳೆದು, ನೆರಳಿಗೆ ಹಾಕಿದೆ. ಬೂದಿ ನೀರಿನ ಕ್ಷಾರಕ್ಕೆ ಗೋಂದು ಕರಗುತ್ತದೆ. ವಾಸನೆ ಇಲ್ಲ ಅಂತಲ್ಲ, ಹಸಿ ಸೊಪ್ಪು ಬೇಯಿಸಿದ ಹಾಗಿರುತ್ತದೆ. ಅಣ್ಣ ಏನೂ ಅನ್ನಲಿಲ್ಲ.

ಹೊಸೆಯುವುದನ್ನು ಯೂಟ್ಯೂಬ್ ನೋಡಿ ಕಲಿಯಲು ಕೂತಿದ್ದೆ. ಅಮ್ಮ ಪಕ್ಕದಲ್ಲಿ ಕಾರ್ತಿಕ ಸೋಮವಾರದ ದೀಪಕ್ಕೆ ಬತ್ತಿ ಹೊಸೆಯುತ್ತಾ ಕೂತಿದ್ದರು. ನಾನು ಎರಡು ಎಳೆಗಳನ್ನು ಒಂದೇ ದಿಕ್ಕಿಗೆ ತಿರುಚಿ ತಿರುಚಿ ಇಡುವುದು, ಕೈ ಬಿಟ್ಟ ಕೂಡಲೇ ಅದು ಬುಸ್ಸನೆ ಬಿಚ್ಚಿಕೊಳ್ಳುವುದು. ಐದಾರು ಸಲ ಆದ ಮೇಲೆ ಅಮ್ಮ ಬತ್ತಿ ಕೆಳಗಿಟ್ಟರು. "ಕೊಡು ಇಲ್ಲಿ. ಹುರಿ ಒಂದ್ಕಡೆ, ಜೋಡಿ ಇನ್ನೊಂದ್ಕಡೆ ಅಲ್ವೇನೇ?"

ಇಡೀ ವಿದ್ಯೆ ಅಷ್ಟೇ. ಒಂದೊಂದು ಎಳೆಯನ್ನೂ ಬಲಕ್ಕೆ ತಿರುಚಿ ಹುರಿ ಮಾಡಬೇಕು. ಆಮೇಲೆ ಎರಡನ್ನೂ ಜೊತೆ ಮಾಡಿ ಎಡಕ್ಕೆ ಸುತ್ತಬೇಕು. ಎಳೆ ಬಿಚ್ಚಿಕೊಳ್ಳಲು ತಿರುಗುವ ದಿಕ್ಕೇ ಜೋಡಿ ಬಿಗಿಯಾಗುವ ದಿಕ್ಕು. ಜೋಡಿ ಬಿಚ್ಚಿಕೊಳ್ಳಲು ಹೋದರೆ ಎಳೆಗಳು ಬಿಗಿಯಾಗುತ್ತವೆ. ಅಣ್ಣತಮ್ಮಂದಿರ ಜಂಟಿ ಖಾತೆ ಜಮೀನಿನ ಹಾಗೆ, ಒಬ್ಬ ಬಿಡಲು ಹೊರಟರೆ ಇನ್ನೊಬ್ಬ ಹಿಡಿದುಕೊಳ್ಳುತ್ತಾನೆ. ಗಂಟಿಲ್ಲ, ಅಂಟಿಲ್ಲ. ಆದರೂ ಬಿಚ್ಚುವುದಿಲ್ಲ.

ಅಮ್ಮ ಎರಡು ಎಳೆಗಳನ್ನು ತೊಡೆಯ ಮೇಲೆ ಒಂದರ ಪಕ್ಕ ಒಂದು ಇಟ್ಟು, ಅಂಗೈಯಿಂದ ಮುಂದಕ್ಕೆ ಉಜ್ಜಿದರು. ಎರಡಕ್ಕೂ ಹುರಿ ಬಂತು. ಹಾಗೇ ಎರಡನ್ನೂ ಸೇರಿಸಿ ಹಿಂದಕ್ಕೆ ಎಳೆದರು. ಹಾವು ಸುತ್ತಿಕೊಂಡ ಹಾಗೆ ಜೋಡಿಯಾಯಿತು. ನೋಡಿಕೊಳ್ಳಬೇಕಾದ್ದು ಇನ್ನೊಂದೇ. ಎರಡೂ ಎಳೆ ಒಟ್ಟಿಗೆ ಮುಗಿಯಬಾರದು. ಒಂದು ಉದ್ದ, ಒಂದು ಗಿಡ್ಡ ಇಟ್ಟು ಶುರು ಮಾಡಿದರೆ, ಗಿಡ್ಡದ್ದು ಮುಗಿಯುವ ಕಡೆ ಹೊಸ ನಾರನ್ನು ಸೇರಿಸಿ ಹುರಿಯಲ್ಲೇ ಅಡಗಿಸಿಬಿಡಬಹುದು. ನಾಲ್ಕು ಅಡಿ ಸಿಪ್ಪೆಯಿಂದ ಎಷ್ಟು ಮಾರು ಬೇಕಾದರೂ ಹೋಗಬಹುದು.

"ನಿಂಗೆ ಯಾರು ಕಲಿಸಿದ್ದು?" ಅಂದೆ. ಅವರಪ್ಪ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಗೆ ಕತ್ತಾಳೆ ಹಗ್ಗ ಮಾಡುತ್ತಿದ್ದರಂತೆ. ಪಟ್ಟೆ ಕುಯ್ದು ಕುಂಟೆಯಲ್ಲಿ ಕೊಳೆಹಾಕಿ, ಕೊಡತಿಯಲ್ಲಿ ಬಡಿದು ನಾರು ತೆಗೆಯುವುದು. ಅಮ್ಮನಿಗೆ ನೆನಪಿರುವುದು ಹಗ್ಗಕ್ಕಿಂತ ಜಾಸ್ತಿ ತುರಿಕೆ. ಕತ್ತಾಳೆ ರಸದಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಚರ್ಮಕ್ಕೆ ಚುಚ್ಚುತ್ತವೆ. "ಮೈಯೆಲ್ಲಾ ಕೆರ್ಕೊಂಡು ರಾತ್ರಿಯೆಲ್ಲಾ ನಿದ್ದೆ ಇಲ್ಲ. ಈಗಿನ ನೈಲಾನ್ ಹಗ್ಗ ಕಂಡುಹಿಡಿದೋನಿಗೆ ಪುಣ್ಯ ಬರ್ಲಿ." ಹಳೆಯದನ್ನೆಲ್ಲ ಹೊಗಳುವವರು ಒಮ್ಮೆ ನಮ್ಮಮ್ಮನ ಜೊತೆ ಕೂತು ಮಾತಾಡಬೇಕು.

ಮಧ್ಯಾಹ್ನ ಗೂಡು ಬಿಡಿಸುತ್ತಿದ್ದಾಗ ಅಣ್ಣನ ಮಗಳು ಕೇಳಿದಳು, "ಅತ್ತೆ, ಹುಳ ಯಾಕೆ ಹುರಿ ಮಾಡಲ್ಲ?" ಒಳ್ಳೇ ಪ್ರಶ್ನೆ. ಹುಳ ಬಿಡುವುದೂ ಎರಡೆಳೆಯನ್ನೇ. ಬಾಯಿಂದ ಬರುವ ಒಂದು ನೂಲಿನೊಳಗೆ ಎರಡು ರೇಷ್ಮೆ ಎಳೆ ಅಕ್ಕಪಕ್ಕ ಇರುತ್ತವೆ. ಸುತ್ತಲೂ ಸೆರಿಸಿನ್ ಅನ್ನುವ ಗೋಂದು. ತಲೆಯನ್ನು ಇಂಗ್ಲಿಷ್ ಎಂಟರ ಆಕಾರಕ್ಕೆ ಆಡಿಸುತ್ತಾ, ಎರಡು ಮೂರು ದಿನದಲ್ಲಿ, ತಳಿ ನೋಡಿಕೊಂಡು 700ರಿಂದ 1000 ಮೀಟರ್ ಸುತ್ತಿಬಿಡುತ್ತದೆ. ಅದಕ್ಕೆ ಗೋಂದು ಇದೆ, ಹುರಿ ಬೇಕಿಲ್ಲ. ನಮಗೆ ಗೋಂದಿಲ್ಲ, ನಾವು ಹುರಿ ಮಾಡಬೇಕು. ತಮಾಷೆ ಏನೆಂದರೆ ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ರೀಲರ್‌ಗಳು ಬಿಸಿನೀರಿನಲ್ಲಿ ಗೂಡು ಬೇಯಿಸಿ ಹುಳದ ಗೋಂದು ಸಡಿಲ ಮಾಡುತ್ತಾರೆ, ನಾನು ಬೂದಿ ನೀರಿನಲ್ಲಿ ಕಡ್ಡಿಯ ಗೋಂದು ಕಳೆಯುತ್ತೇನೆ. ಒಂದೇ ಗಿಡದ ಎಲೆ ಅಲ್ಲಿಗೆ, ತೊಗಟೆ ಇಲ್ಲಿಗೆ.

ಅವಳಿಗೆ ಇನ್ನೊಂದನ್ನೂ ಹೇಳಿದೆ. ಫ್ರಾನ್ಸಿನ ಅಬ್ರಿ ದು ಮರಾ ಎಂಬ ಕಡೆ ಒಂದು ಕಲ್ಲಿನ ಚಕ್ಕೆಗೆ ಅಂಟಿಕೊಂಡಿದ್ದ ದಾರದ ಚೂರಿನ ಬಗ್ಗೆ 2020ರಲ್ಲಿ ಸಂಶೋಧಕರು ಬರೆದರು. ಉದ್ದ ಆರು ಮಿಲಿಮೀಟರ್, ವಯಸ್ಸು ಸುಮಾರು 41,000ದಿಂದ 52,000 ವರ್ಷ. ಮಾಡಿದವರು ನಮ್ಮಂಥ ಮನುಷ್ಯರೂ ಅಲ್ಲ, ನಿಯಾಂಡರ್ತಲ್‌ಗಳು. ಮರದ ಒಳತೊಗಟೆಯ ನಾರು, ಮೂರು ಎಳೆ. ಎಳೆಗಳ ಹುರಿ ಒಂದು ಕಡೆ, ಅವನ್ನು ಸೇರಿಸಿದ್ದು ಇನ್ನೊಂದು ಕಡೆ. ಅಮ್ಮ ಹೇಳಿದ ಪಾಠವೇ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಗೂ ಯೂಟ್ಯೂಬ್ ಇರಲಿಲ್ಲ" ಅಂದಳು. ನನಗೇ ಹೇಳಿದ್ದು.

ಉಡುಗೊರೆ ಕಟ್ಟುವುದಕ್ಕೆ ಇದೇ ಕುಟುಂಬದ ಗಿಡ ಬಳಸುವವರೂ ಇದ್ದಾರೆ. ಜಪಾನಿನಲ್ಲಿ ಹಿಪ್ಪುನೇರಳೆಯ ನೆಂಟ ಗಿಡವೊಂದರ ಒಳತೊಗಟೆಯಿಂದ ಕಾಗದ ಮಾಡುತ್ತಾರೆ. ಆ ಕಾಗದವನ್ನೇ ಹುರಿ ಮಾಡಿ, ಗಂಜಿ ಹಾಕಿ, ಮಿಜುಹಿಕಿ ಅನ್ನುವ ದಾರ ಮಾಡಿ ಮುಯ್ಯಿಯ ಲಕೋಟೆಗೆ ಕಟ್ಟುತ್ತಾರೆ. ಮದುವೆಗೆ ಕಟ್ಟುವ ಗಂಟು ಬಿಚ್ಚಲು ಬಾರದಂಥದ್ದು.

ಈಗ ಲೆಕ್ಕ. ಚೀಲಕ್ಕೆ ಎರಡು ಮೊಳ ಬೇಕು. ನಲವತ್ತಕ್ಕೆ ಎಂಬತ್ತು ಮೊಳ, ಅಂದರೆ ಇಪ್ಪತ್ತು ಮಾರು. ಬೆರಳಲ್ಲಿ ಹೊಸೆದರೆ ನನಗೆ ಗಂಟೆಗೆ ಒಂದೂವರೆ ಮಾರು. ತೊಡೆ ಮೇಲೆ ಅಮ್ಮನಿಗೆ ನಾಲ್ಕು. ದಿನಕ್ಕೆ ಎಂಟು ಗಂಟೆ, 400 ರೂಪಾಯಿ ಕೂಲಿ ಅಂತ ಹಿಡಿದರೂ ನನ್ನ ದಾರ ಒಂದು ಚೀಲಕ್ಕೆ ಹದಿನಾರು ಹದಿನೇಳು ರೂಪಾಯಿ ಬೀಳುತ್ತದೆ. ಸುಲಿದದ್ದು, ಕುದಿಸಿದ್ದು ಬೇರೆ. ಫೋಟೋ ನೋಡಿದ ಬೆಂಗಳೂರಿನ ಗೆಳತಿ "ಮಾರಾಟಕ್ಕಿಡು, ಜನ ಮುಗಿಬೀಳ್ತಾರೆ" ಅಂದಳು. ಮುಗಿಬೀಳುವವರು ಬೆಲೆ ಕೇಳಿದ ಮೇಲೆ ಎದ್ದು ಹೋಗುತ್ತಾರೆ. ಕಮ್ಮಿಗೆ ಕೊಟ್ಟರೆ ಯಾವಳೋ ಒಬ್ಬಳ ತೊಡೆ ಸವೆಯುತ್ತದೆ, ಅಷ್ಟೇ. ನಾನು ಮಾರುವುದಿಲ್ಲ. ಯಾರಿಗಾದರೂ ಮಾಡಿಕೊಳ್ಳಬೇಕು ಅನ್ನಿಸಿದರೆ ಕಡ್ಡಿ ಕೊಡುತ್ತೇನೆ, ಬನ್ನಿ.

ದಾರ ಹೇಗಿದೆ ಅಂದರೆ, ಒಂದೇ ಸಮ ಇಲ್ಲ. ನಾನು ಹೊಸೆದದ್ದು ಎಲ್ಲೋ ದಪ್ಪ, ಎಲ್ಲೋ ಸಪೂರ. ಅಮ್ಮ ಹೊಸೆದದ್ದು ಗೊತ್ತಾಗುತ್ತದೆ. ಪೂರ್ತಿ ಒಣಗಿಸದೆ ಉಂಡೆ ಸುತ್ತಿಟ್ಟ ಮೊದಲ ಎರಡು ಮಾರಿಗೆ ಬೂಷ್ಟು ಬಂದು ಎಸೆಯಬೇಕಾಯಿತು. ಉಳಿದದ್ದಕ್ಕೆ ವಾಸನೆ ಇಲ್ಲ, ಒಂದು ಹೊಳಪಿದೆ. ಬಿಳಿ ಚೀಲದ ಮೇಲೆ ಚೆನ್ನಾಗಿ ಕೂರುತ್ತದೆ. ಹುರಿಹಿಟ್ಟಿಗೆ ಹುರಿ ಅಂತ ಅತ್ತಿಗೆ ಸಂಜೆಯಿಂದ ಹತ್ತು ಜನಕ್ಕೆ ಫೋನ್ ಮಾಡಿ ಹೇಳಿದ್ದಾರೆ.

ಊಟ ಆದ ಮೇಲೆ ಹೊರಗೆ ಬಂದು ನೋಡಿದರೆ ಅಮ್ಮ ಸೇವಂತಿಗೆ ಕಟ್ಟುತ್ತಿದ್ದರು. ನಾಳೆ ನಂದಿಯ ಭೋಗನಂದೀಶ್ವರನಿಗೆ ಮಾಲೆ. ನೆನೆಸಿಟ್ಟಿದ್ದ ಬಾಳೆ ನಾರು ಸಾಕಾಗಲಿಲ್ಲವಂತೆ. ಕೈಯಲ್ಲಿ ನನ್ನ ಉಂಡೆ.

"ಅಮ್ಮಾ! ಎಷ್ಟು ಹೋಯ್ತು?"

"ಮೂರು ಮಾರು ಇರ್ಬೇಕು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತಂತೆ, ಹೋಗ್ಲಿ ಬಿಡು. ಚೆನ್ನಾಗಿ ಹಿಡೀತದೆ ಕಣೇ ನಿನ್ ದಾರ, ಜಾರಲ್ಲ."

ಈಗ ರಾತ್ರಿ ಹತ್ತೂವರೆ. ಹತ್ತು ಮಾರು ಬಾಕಿ. ನಾರು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ.