ಒರಳಿನಲ್ಲಿ ಹಾರುವ ಮುದುಕಿಯ ಚಿತ್ರ ಬರೆದವನು

ಕಾಡಿನ ನಡುವೆ ಒಬ್ಬ ಮುದುಕಿ ಒರಳಿನೊಳಗೆ ನಿಂತು ಹಾರಿಕೊಂಡು ಹೋಗುತ್ತಿದ್ದಾಳೆ. ಒಂದು ಕೈಯಲ್ಲಿ ಒನಕೆ, ಇನ್ನೊಂದರಲ್ಲಿ ಪೊರಕೆ. ಒನಕೆಯಿಂದ ಒರಳನ್ನು ಓಡಿಸುವುದು, ಪೊರಕೆಯಿಂದ ಹಿಂದಿನ ಗುರುತು ಗುಡಿಸುವುದು. ಇವಳು ರಷ್ಯಾದ ಜನಪದ ಕಥೆಗಳ ಬಾಬಾ ಯಾಗಾ. ಅಜ್ಜಿಮನೆಯಲ್ಲಿ ಭತ್ತ ಕುಟ್ಟುವ ಒರಳು, ಒನಕೆ ನೋಡಿಕೊಂಡೇ ಬೆಳೆದ ನನಗೆ ಈ ಚಿತ್ರ ಮೊದಲ ಸಲ ನೋಡಿದಾಗ ದೂರದೇಶದ್ದು ಅನ್ನಿಸಲೇ ಇಲ್ಲ.

ಬರೆದವನು ಇವಾನ್ ಬಿಲಿಬಿನ್. ಹುಟ್ಟಿದ್ದು 1876ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್ ಹತ್ತಿರ. ತಂದೆ ನೌಕಾಪಡೆಯ ವೈದ್ಯ. ಮಗ ಓದಿದ್ದು ಕಾನೂನು, ಆದರೆ ಮನಸ್ಸೆಲ್ಲ ಚಿತ್ರದಲ್ಲಿ. ಮ್ಯೂನಿಕ್‌ನಲ್ಲಿ ಸ್ವಲ್ಪ ದಿನ ಕಲಿತ, ಆಮೇಲೆ ಊರಲ್ಲೇ ಹೆಸರಾಂತ ಚಿತ್ರಕಾರ ಇಲ್ಯಾ ರೇಪಿನ್ ಹತ್ತಿರ. 1899ರಲ್ಲಿ ವಾಸ್ನೆತ್ಸೋವ್ ಬರೆದ ಪುರಾತನ ವೀರರ ದೊಡ್ಡ ಚಿತ್ರವನ್ನು ಒಂದು ಪ್ರದರ್ಶನದಲ್ಲಿ ನೋಡಿದ. ಅದು ತಲೆಯಿಂದ ಹೋಗಲಿಲ್ಲ. ಆ ಬೇಸಿಗೆ ತ್ವೇರ್ ಪ್ರಾಂತ್ಯದ ಯೆಗ್ನಿ ಅನ್ನುವ ಹಳ್ಳಿಗೆ ಹೋದ, ಅಲ್ಲಿನ ದಟ್ಟ ಕಾಡು, ಕೆತ್ತನೆಯ ಮರದ ಮನೆ ನೋಡಿ ಕಥೆಗಳಿಗೆ ಚಿತ್ರ ಬರೆಯೋಕೆ ಕೂತ.

ಆ ಪುಸ್ತಕಗಳನ್ನು ಅಚ್ಚು ಹಾಕಿದ್ದು ಯಾರು ಗೊತ್ತಾ? ಸರ್ಕಾರದ ನೋಟು ಮುದ್ರಿಸುವ ಸಂಸ್ಥೆ! 1901ರಿಂದ 1903ರೊಳಗೆ ಆರು ತೆಳು ಪುಸ್ತಕಗಳು ಬಂದವು. ವಾಸಿಲಿಸಾ, ಕಪ್ಪೆ ರಾಜಕುಮಾರಿ, ಬೆಂಕಿಹಕ್ಕಿ ಎಲ್ಲ ಅದರಲ್ಲೇ.

ಬಿಲಿಬಿನ್‌ನ ಗುಟ್ಟು ಅವನ ಗೆರೆ. ಮೊದಲು ಪೆನ್ಸಿಲ್‌ನಲ್ಲಿ ಬರೆದು, ಅದನ್ನು ಒಳ್ಳೆ ಕಾಗದದ ಮೇಲೆ ಇಳಿಸಿ, ತುದಿ ಕತ್ತರಿಸಿದ ಕುಂಚದಿಂದ ಕಪ್ಪು ಶಾಯಿಯಲ್ಲಿ ತಿದ್ದುತ್ತಿದ್ದ, ಬಣ್ಣ ಹಚ್ಚುವುದು ಆಮೇಲೆ. ಆ ಗೆರೆ ಎಲ್ಲೂ ನಡುಗುವುದಿಲ್ಲ, ಅದಕ್ಕೇ ಗೆಳೆಯರು ಅವನನ್ನು ಕಬ್ಬಿಣದ ಕೈ ಇವಾನ್ ಅಂತಿದ್ದರು. ಜಪಾನಿನ ಮರದಚ್ಚಿನ ಚಿತ್ರಗಳ ಪ್ರಭಾವವೂ ಇದೆ. ರಾಜ ಸಲ್ತಾನ್ ಕಥೆಯಲ್ಲಿ ಪೀಪಾಯಿ ಸಮುದ್ರದಲ್ಲಿ ತೇಲುವ ಚಿತ್ರದ ಅಲೆ ನೋಡಿ, ಆ ದೇಶದ ಚಿತ್ರಕಾರ ಹೊಕುಸಾಯ್ ನೆನಪಾಗುತ್ತಾನೆ.

ಆದರೆ ನನಗೆ ಜಾಸ್ತಿ ಇಷ್ಟವಾಗುವುದು ಬೇರೆ. ಕಥೆ ಎಷ್ಟು ಕಾಲ್ಪನಿಕವೋ, ಚಿತ್ರದೊಳಗಿನ ವಸ್ತುಗಳು ಅಷ್ಟೇ ನಿಜ. 1902ರಿಂದ 1904ರವರೆಗೆ ರಷ್ಯನ್ ಮ್ಯೂಸಿಯಂ ಪರವಾಗಿ ವೊಲೊಗ್ದಾ, ಅರ್ಖಾಂಗೆಲ್ಸ್ಕ್ ಕಡೆ ಸುತ್ತಿ ಹಳೆ ಉಡುಪು, ಕಸೂತಿ, ಮರದ ಚರ್ಚುಗಳನ್ನು ಹುಡುಕಿದ, ಫೋಟೋ ತೆಗೆದ. ಆಮೇಲಿನ ಚಿತ್ರಗಳಲ್ಲಿ ರಾಣಿಯ ತಲೆಯುಡುಗೆ ಸುಮ್ನೆ ಅಲಂಕಾರ ಅಲ್ಲ, ಯಾವುದೋ ಹಳ್ಳಿಯ ಹೆಂಗಸು ಪೆಟ್ಟಿಗೆಯಲ್ಲಿ ಜೋಪಾನ ಮಾಡಿಟ್ಟಿದ್ದಂಥದ್ದು. ಅಂಚಿನ ಪಟ್ಟಿಗಳನ್ನೂ ಹಾಗೇ ನಿಧಾನವಾಗಿ ನೋಡಬೇಕು.

ಹೆದರುವ ಮನುಷ್ಯ ಅಲ್ಲ. 1906ರಲ್ಲಿ ಒಂದು ಪತ್ರಿಕೆಗೆ ಚಕ್ರವರ್ತಿಗೆ ತಕ್ಕ ರಾಜಲಾಂಛನದ ಚೌಕಟ್ಟು ಬರೆದು, ಒಳಗೆ ಕತ್ತೆ ಕೂರಿಸಿದ. ಆ ಪತ್ರಿಕೆ ಮುಚ್ಚಿಸಿದರು, ಇವನನ್ನು ಒಂದು ದಿನ ಹಿಡಿದಿಟ್ಟರು. 1917ರಲ್ಲಿ ಕ್ರಾಂತಿಯಾದ ಮೇಲೆ ಬಂದ ಹೊಸ ಸರ್ಕಾರಕ್ಕೆ ಕಿರೀಟವಿಲ್ಲದ ಎರಡು ತಲೆಯ ಹದ್ದು ಬರೆದುಕೊಟ್ಟ, ಆ ಹದ್ದು ಇವತ್ತು ರಷ್ಯಾದ ಕೇಂದ್ರ ಬ್ಯಾಂಕಿನ ಲಾಂಛನದಲ್ಲಿದೆ.

ಆಮೇಲೆ ಅಂತರ್ಯುದ್ಧ. 1920ರಲ್ಲಿ ಹಡಗು ಹತ್ತಿ ಈಜಿಪ್ಟ್ ಸೇರಿದ. ಕೈರೋದಲ್ಲಿ ಶ್ರೀಮಂತರ ಮನೆಗಳಿಗೆ ಚಿತ್ರ ಬರೆದ, 1925ರಲ್ಲಿ ಪ್ಯಾರಿಸ್‌ಗೆ ಹೋಗಿ ರಷ್ಯನ್ ಒಪೆರಾಗಳಿಗೆ ರಂಗಸಜ್ಜಿಕೆ ಮಾಡಿದ. ಕೆಲಸ ಇತ್ತು, ಹೆಸರೂ ಇತ್ತು. ಆದರೂ 1936ರಲ್ಲಿ ವಾಪಸ್ ಬಂದ, ಲೆನಿನ್‌ಗ್ರಾಡ್‌ನ (ಸೇಂಟ್ ಪೀಟರ್ಸ್‌ಬರ್ಗ್‌ಗೆ ಆಗಿನ ಹೆಸರು) ಕಲಾ ಅಕಾಡೆಮಿಯಲ್ಲಿ ಪಾಠ ಮಾಡತೊಡಗಿದ. ಅವನು ಯಾಕೆ ಬಂದ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಆ ಕಾಡು, ಆ ಮನೆಗಳು ಇಲ್ಲದೆ ಇರೋಕೆ ಆಗಲಿಲ್ಲ ಅಂತ ನನ್ನ ನಂಬಿಕೆ.

1941ರಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾಡನ್ನು ಸುತ್ತುವರಿಯಿತು. ಊರು ಬಿಡಿ ಅಂದರೆ ಬಿಲಿಬಿನ್ ಒಪ್ಪಲಿಲ್ಲ. ಅನ್ನವಿಲ್ಲ, ಬೆಂಕಿಯಿಲ್ಲ, ಆ ಚಳಿಯಲ್ಲೂ ದ್ಯೂಕ್ ಸ್ತೆಪಾನೊವಿಚ್ ಎಂಬ ಹಳೇ ವೀರನ ಹಾಡಿಗೆ ಚಿತ್ರ ಬರೆಯುತ್ತಿದ್ದ. 1942ರ ಫೆಬ್ರವರಿ 7ರಂದು ತೀರಿಕೊಂಡ. ಅಕಾಡೆಮಿಯ ಇತರ ಪ್ರಾಧ್ಯಾಪಕರ ಜೊತೆ ಸ್ಮೊಲೆನ್ಸ್ಕ್ ಸ್ಮಶಾನದಲ್ಲಿ ಒಂದೇ ಗುಂಡಿಯಲ್ಲಿ ಮಣ್ಣು ಮಾಡಿದರು.