ಗುಡುಗಿಗಿಂತ ಮೊದಲು ಹಾರ್ನ್ ಕೂಗಬೇಕು

ಹೋದ ವರ್ಷ ಚಿತ್ತಾ ಮಳೆಯ ಹೊತ್ತಿಗೆ ನಮ್ಮ ಅಡಿಕೆ ತೋಟದಲ್ಲಿ ಮೊದಲ ಕೊಯ್ಲು ನಡೆಯುತ್ತಿತ್ತು. ಈಗ ಮರ ಹತ್ತುವವರು ಕಡಿಮೆ, ಕೊನೆ (ಅಡಿಕೆ ಗೊನೆ) ಇಳಿಸುವುದು ಕಾರ್ಬನ್ ಫೈಬರ್ ದೋಟಿಯಲ್ಲಿ. ಐವತ್ತು ಅರವತ್ತು ಅಡಿ ಉದ್ದದ ಕೋಲು, ತುದಿಗೊಂದು ಕತ್ತಿ, ಬುಡದಲ್ಲಿ ಎರಡೂ ಕೈಯಲ್ಲಿ ಅದನ್ನು ಹಿಡಿದು ಮೇಲೆ ನೋಡುತ್ತ ನಿಂತ ಮನುಷ್ಯ. ಸಾಗರದ ಸುತ್ತಮುತ್ತಲಿನ ತೋಟ ನೋಡಿದವರಿಗೆ ಗೊತ್ತು, ಎರಡು ಗುಡ್ಡದ ನಡುವಿನ ಕಣಿವೆಯಲ್ಲಿ ಇರುತ್ತವೆ, ಮೇಲೆಲ್ಲ ಸೋಗೆ ಮುಚ್ಚಿಕೊಂಡಿರುತ್ತದೆ, ಆಕಾಶ ಕಾಣುವುದು ತುಂಡು ತುಂಡಾಗಿ. ಮೋಡ ಕಟ್ಟಿದ್ದು ಗೊತ್ತಾಗುವುದೇ ಕತ್ತಲಾದ ಮೇಲೆ.

ಅವತ್ತೂ ಹಾಗೇ ಆಯಿತು. ಮೊದಲ ಗುಡುಗು ಕೇಳುವಾಗ ಮಿಂಚು ತಲೆ ಮೇಲೇ ಇತ್ತು. ಕೊನೆ ಇಳಿಸುವ ಕೊನೆಗೌಡರು ದೋಟಿ ಬಿಟ್ಟು ಓಡಿದರು. ಎದುರಿನ ಬೆಟ್ಟದ ಮತ್ತಿ ಮರಕ್ಕೆ ಸಿಡಿಲು ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಮರುದಿನ ಹೋಗಿ ನೋಡಿದೆ. ತೊಗಟೆ ತುದಿಯಿಂದ ಬುಡದವರೆಗೆ ಒಂದು ಗೇಣು ಅಗಲಕ್ಕೆ ಸೀಳಿ ಹೋಗಿತ್ತು, ಸಿಬಿರುಗಳು ಇಪ್ಪತ್ತು ಮಾರು ದೂರದವರೆಗೆ ಚೆಲ್ಲಿದ್ದವು. ಕಾರ್ಬನ್ ಫೈಬರ್ ಕರೆಂಟ್ ಹರಿಯುವ ವಸ್ತು. ಅದನ್ನು ಹಿಡಿದು ನಿಂತವನ ಜಾಗದಿಂದ ಆ ಮರಕ್ಕೆ ಎಷ್ಟು ದೂರ ಅಂತ ಹೆಜ್ಜೆ ಹಾಕಿ ಎಣಿಸಿದೆ. ನೂರಾ ಎಂಬತ್ತು ಹೆಜ್ಜೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಸಿಡಿಲು ಬರುವುದನ್ನು ಮೊದಲೇ ಹೇಳಲು ಮೊಬೈಲಿನಲ್ಲಿ ಆಪ್ ಇಲ್ವಾ ಅಂತ ಕೇಳಬಹುದು. ಇದೆ. ಪುಣೆಯ ಹವಾಮಾನ ಸಂಸ್ಥೆಯವರ ದಾಮಿನಿ ಇದೆ, ನಮ್ಮ ರಾಜ್ಯದ್ದೇ ಸಿಡಿಲು ಅನ್ನುವ ಆಪ್ ಇದೆ. ಎರಡೂ ನನ್ನ ಫೋನಿನಲ್ಲಿವೆ, ನೀವೂ ಹಾಕಿಕೊಳ್ಳಿ. ಆದರೆ ನಮ್ಮ ಕಡೆ ಗಾಳಿ ಎದ್ದ ಕೂಡಲೇ ಕರೆಂಟ್ ಹೋಗುತ್ತದೆ, ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ ಮಲಗುತ್ತದೆ. ತೋಟದ ಕಣಿವೆಯಲ್ಲಂತೂ ಮೊದಲೇ ಸಿಗ್ನಲ್ ಇಲ್ಲ. ಬೇಕಾದ ಗಳಿಗೆಯಲ್ಲೇ ಅದು ಕೈಗೆ ಸಿಗುವುದಿಲ್ಲ. ಹಾಗಾಗಿ ಮನೆಯಲ್ಲೇ, ಬ್ಯಾಟರಿಯಲ್ಲಿ ನಡೆಯುವ, ನೆಟ್ ಬೇಡದ ಒಂದು ಯಂತ್ರ ಬೇಕು ಅನ್ನಿಸಿತು.

ಅಜ್ಜನ ಹತ್ತಿರ ಅಂಥದ್ದೊಂದು ಇತ್ತು, ನೆನಪಾದದ್ದು ಆಮೇಲೆ. ಅವರ ರೇಡಿಯೋ. ಸಂಜೆ ಭದ್ರಾವತಿ ಆಕಾಶವಾಣಿ ಹಾಕಿ ಕೂತಿರುತ್ತಿದ್ದರು. ಮಧ್ಯದಲ್ಲಿ ಕರ್ ಕರ್ ಅಂತ ಶುರುವಾದರೆ "ಮೂಡುಗಡೆ ಗುಡುಗ್ತಾ ಇದ್ದು" ಅಂತ ಹೇಳಿ ಅಂಗಳದಲ್ಲಿ ಹರವಿದ ಮೆಣಸಿನ ಕಾಳು ಬಾಚಲು ಎಬ್ಬಿಸುತ್ತಿದ್ದರು. ನಮಗೆ ಇನ್ನೂ ಏನೂ ಕೇಳಿಸುತ್ತಿರಲಿಲ್ಲ. ಗುಡುಗಿನ ಸದ್ದು ಹೆಚ್ಚೆಂದರೆ ಹದಿನೈದು ಇಪ್ಪತ್ತು ಕಿಲೋಮೀಟರ್ ಬರುತ್ತದೆ, ಮಿಂಚಿನ ರೇಡಿಯೋ ಅಲೆ ನೂರಾರು ಕಿಲೋಮೀಟರ್ ದಾಟಿ ಬರುತ್ತದೆ. ರಷ್ಯಾದ ಪೊಪೊವ್ 1895ರಲ್ಲಿ ತೋರಿಸಿದ ಯಂತ್ರವೂ ಇದನ್ನೇ ಮಾಡುತ್ತಿತ್ತು, ದೂರದ ಮಿಂಚಿಗೆ ಗಂಟೆ ಬಾರಿಸುತ್ತಿತ್ತು. ರೇಡಿಯೋದಲ್ಲಿ ಮಾತು ಕೇಳುವುದಕ್ಕಿಂತ ಮೊದಲೇ ಮನುಷ್ಯ ಮಿಂಚನ್ನು ಕೇಳಿದ್ದ.

ದೂರ ಅಳೆಯುವ ಕೆಲಸ ಈಗ ಸುಲಭ. ಎಎಸ್3935 ಅಂತ ಒಂದು ಚಿಪ್ ಸಿಗುತ್ತದೆ, ಬೆರಳ ತುದಿಯಷ್ಟು ಆಂಟೆನಾ ಸಮೇತ ಬೋರ್ಡಿನ ಮೇಲೆ ಕೂತಿರುತ್ತದೆ. 500 ಕಿಲೋಹರ್ಟ್ಜ್ ಸುತ್ತ ಕಿವಿಗೊಟ್ಟಿರುತ್ತದೆ, ಬಂದ ಅಲೆಯ ಆಕಾರ ನೋಡಿ ಇದು ಮಿಂಚೋ ಬೇರೆ ಗಲಾಟೆಯೋ ಅಂತ ತೀರ್ಮಾನಿಸುತ್ತದೆ, ಮಿಂಚಾದರೆ ಮೋಡದ ಮುಂಚೂಣಿ ಎಷ್ಟು ದೂರ ಅಂತ 40 ಕಿಲೋಮೀಟರಿನಿಂದ ಶುರು ಮಾಡಿ 37, 34, 31 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತದೆ. ಇದು ಟೇಪ್ ಹಿಡಿದು ಅಳೆದ ಹಾಗಲ್ಲ. ಬಂದ ಶಕ್ತಿಯ ಮೇಲೆ ಮಾಡುವ ಅಂದಾಜು. ಹತ್ತಿರದ ಸಣ್ಣ ಮಿಂಚು, ದೂರದ ದೊಡ್ಡ ಮಿಂಚು ಒಂದೇ ಥರ ಕಾಣಬಹುದು, ಅದಕ್ಕೇ ಒಂದು ಓದಿನ ಮೇಲೆ ನಾನು ಏನನ್ನೂ ನಿರ್ಧರಿಸುವುದಿಲ್ಲ.

ಇದನ್ನು ಮಾಡುವವರು ಒಂದು ಕೆಲಸ ಮಾತ್ರ ಬಿಡಬೇಡಿ. ಆಂಟೆನಾವನ್ನು ಟ್ಯೂನ್ ಮಾಡಿ. ಚಿಪ್ಪಿಗೆ ಹೇಳಿದರೆ ಅದು ತನ್ನ ಆಂಟೆನಾದ ಫ್ರೀಕ್ವೆನ್ಸಿಯನ್ನು ಹದಿನಾರರಿಂದ ಭಾಗಿಸಿ ಒಂದು ಪಿನ್ನಿನಲ್ಲಿ ಹೊರಗೆ ಕೊಡುತ್ತದೆ. ಸರಿಯಾಗಿದ್ದರೆ 31.25 ಕಿಲೋಹರ್ಟ್ಜ್ ಬರಬೇಕು, ಶೇಕಡಾ 3.5ರ ಒಳಗೆ ಇದ್ದರೆ ಸಾಕು. ನನ್ನ ಬೋರ್ಡಿನಲ್ಲಿ 32.6 ಬಂತು, ಅಂದರೆ ಮಿತಿ ದಾಟಿತ್ತು. ಚಿಪ್ಪಿನ ಒಳಗೇ ಎಂಟೆಂಟು ಪಿಕೋಫ್ಯಾರಡ್‌ನ ಕೆಪಾಸಿಟರ್‌ಗಳಿವೆ, ಪ್ರೋಗ್ರಾಮಿನಲ್ಲೇ ಒಂದೊಂದಾಗಿ ಸೇರಿಸಬಹುದು. ಹತ್ತು ಮೆಟ್ಟಿಲು, 80 ಪಿಕೋಫ್ಯಾರಡ್ ಸೇರಿಸಿದ ಮೇಲೆ 31.3ಕ್ಕೆ ಬಂದು ಕೂತಿತು. ಅದಕ್ಕೆ ಮೊದಲು ಒಂದು ವಾರ ಅದು ಕೊಟ್ಟ ದೂರಗಳನ್ನೆಲ್ಲ ನಂಬಿ ಬರೆದಿಟ್ಟಿದ್ದೆ, ಆ ಪುಟಗಳನ್ನು ಹರಿದು ಹಾಕಿದೆ.

ಗಲಾಟೆಯದ್ದೇ ಇನ್ನೊಂದು ಕಥೆ. ಗ್ಯಾಸ್ ಲೈಟರ್ ಒತ್ತಿದರೆ ಎಚ್ಚರವಾಗುತ್ತಿತ್ತು. ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿದ್ದರೆ ಎಚ್ಚರವಾಗುತ್ತಿತ್ತು. ಮೊಬೈಲ್ ಚಾರ್ಜರ್ ಒಂದು ಅಡಿ ದೂರದಲ್ಲಿದ್ದರೆ ಮುಗಿದೇ ಹೋಯಿತು. ಒಂದೊಂದಾಗಿ ದೂರ ಮಾಡಿದೆ. ಚಿಪ್ಪಿಗೆ ಲಿಥಿಯಂ ಸೆಲ್ ಕೊಟ್ಟೆ, ಅದನ್ನು ನಡೆಸುವ ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡನ್ನು ಒಂದೂವರೆ ಅಡಿ ಆಚೆ ಇಟ್ಟು ಅದರ ವೈಫೈ ಬಂದ್ ಮಾಡಿದೆ.

ಇಷ್ಟಾದ ಮೇಲೆ ಒಂದು ಸಂಜೆ 20 ಕಿಲೋಮೀಟರ್ ಅಂತ ತೋರಿಸಿತು. ನಾನು ಅದನ್ನೇ ನೋಡುತ್ತ ನಿಂತೆ. ಯಾವ ಕಡೆ 20? ಸೊರಬದ ಕಡೆಯೋ, ಹೊಸನಗರದ ಕಡೆಯೋ? ನಮ್ಮಲ್ಲಿಗೆ ಬರುತ್ತಿದೆಯೋ, ಪಕ್ಕದಲ್ಲಿ ಹಾದು ಹೋಗುತ್ತಿದೆಯೋ? ಬರೀ ದೂರ ಗೊತ್ತಾದರೆ ತೋಟದಲ್ಲಿರುವವರಿಗೆ ಹೇಳಲು ಏನೂ ಇಲ್ಲ ಅಂತ ಅವತ್ತು ಅರ್ಥವಾಯಿತು. ಪ್ರತಿ ಸಲ 20 ಬಂದಾಗ ಕೆಲಸ ನಿಲ್ಲಿಸಿ ಅಂದರೆ ಮೂರನೇ ದಿನ ಯಾರೂ ಕೇಳುವುದಿಲ್ಲ, ಅಲ್ವಾ?

ದಿಕ್ಕು ಕಂಡುಹಿಡಿಯಲು ಎರಡು ದಾರಿ. ಒಂದು, ಬೇರೆ ಬೇರೆ ಊರಲ್ಲಿ ಯಂತ್ರ ಇಟ್ಟು, ಒಂದೇ ಮಿಂಚು ಎಲ್ಲೆಲ್ಲಿಗೆ ಎಷ್ಟು ಮೈಕ್ರೋಸೆಕೆಂಡ್ ಹಿಂದೆಮುಂದೆ ತಲುಪಿತು ಅಂತ ಜಿಪಿಎಸ್ ಗಡಿಯಾರದಲ್ಲಿ ಅಳೆಯುವುದು. ಜರ್ಮನಿಯಲ್ಲಿ ಶುರುವಾದ ಬ್ಲಿಟ್ಸೋರ್ಟುಂಗ್ ಅನ್ನುವ ಹವ್ಯಾಸಿಗಳ ಜಾಲ ಇದನ್ನೇ ಮಾಡುತ್ತದೆ, ತುಂಬ ಚೆನ್ನಾಗಿ ಮಾಡುತ್ತದೆ. ಆದರೆ ಅದಕ್ಕೆ ಹಲವು ಮನೆ ಬೇಕು, ನೆಟ್ ಬೇಕು. ಇನ್ನೊಂದು ಹಳೆಯ ದಾರಿ. ರೇಡಾರ್‌ಗೆ ಹೆಸರಾದ ವಾಟ್ಸನ್-ವಾಟ್ 1920ರ ದಶಕದಲ್ಲಿ ಬ್ರಿಟನ್ನಿನಲ್ಲಿ ಮಾಡಿದ್ದು. ಎರಡು ತಂತಿ ಸುರುಳಿಗಳನ್ನು ಒಂದಕ್ಕೊಂದು ಅಡ್ಡ ನಿಲ್ಲಿಸುವುದು, ಒಂದು ಉತ್ತರ ದಕ್ಷಿಣ, ಇನ್ನೊಂದು ಪೂರ್ವ ಪಶ್ಚಿಮ.

ಇದೂ ಅಜ್ಜನ ರೇಡಿಯೋದಲ್ಲಿ ಇದ್ದದ್ದೇ. ಸ್ಟೇಷನ್ ಸರಿಯಾಗಿ ಕೇಳದಿದ್ದರೆ ಪೆಟ್ಟಿಗೆಯನ್ನೇ ತಿರುಗಿಸುತ್ತಿದ್ದರಲ್ಲ, ಒಂದು ಕಡೆ ತಿರುಗಿಸಿದರೆ ದನಿ ಗಟ್ಟಿ, ಇನ್ನೊಂದು ಕಡೆ ಪೂರ್ತಿ ಕ್ಷೀಣ. ಸುರುಳಿಯ ಅಂಚು ಮಿಂಚಿನ ಕಡೆ ಇದ್ದರೆ ಸಿಗ್ನಲ್ ಪೂರ್ತಿ ಬರುತ್ತದೆ, ಅದರ ಮುಖ ಆ ಕಡೆ ತಿರುಗಿದ್ದರೆ ಏನೂ ಬರುವುದಿಲ್ಲ. ಎರಡು ಸುರುಳಿ ಅಡ್ಡಡ್ಡ ಇದ್ದರೆ ಎರಡರಲ್ಲಿ ಬಂದದ್ದರ ಅನುಪಾತದಿಂದ ದಿಕ್ಕಿನ ಕೋನ ಸಿಗುತ್ತದೆ. ಹೈಸ್ಕೂಲಿನ ಟ್ಯಾನ್ ತೀಟಾ ಸಾಕು.

ನಾನು ಪಿವಿಸಿ ಪೈಪಿನಲ್ಲಿ ಎರಡಡಿ ಎರಡಡಿಯ ಚೌಕಟ್ಟು ಮಾಡಿ, ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ತೂಕಕ್ಕೆ ಸಿಗುವ ತಾಮ್ರದ ತಂತಿ ತಂದು ಒಂದೊಂದಕ್ಕೂ ಮೂವತ್ತು ಸುತ್ತು ಸುತ್ತಿದೆ. ಇಟ್ಟದ್ದು ಅಟ್ಟದ ಮೇಲೆ. ದಯವಿಟ್ಟು ಯಾರೂ ಇದನ್ನು ಮನೆಯ ಮಾಡಿನ ಮೇಲೆ ಕಂಬ ನೆಟ್ಟು ಕಟ್ಟಬೇಡಿ, ಸಿಡಿಲನ್ನು ಮನೆಗೆ ಕರೆದ ಹಾಗಾಗುತ್ತದೆ. ಈ ಅಲೆಗಳು ಮಂಗಳೂರು ಹಂಚನ್ನು ದಾಟಿ ಆರಾಮಾಗಿ ಒಳಗೆ ಬರುತ್ತವೆ. ತಗಡಿನ ಮಾಡಾದರೆ ತೊಂದರೆ.

ಮಿಂಚಿನ ಶಕ್ತಿ ಜಾಸ್ತಿ ಇರುವುದು 5ರಿಂದ 10 ಕಿಲೋಹರ್ಟ್ಜ್ ಸುತ್ತ. ಅದು ನಮ್ಮ ಕಿವಿಗೆ ಕೇಳುವ ಸದ್ದಿನದ್ದೇ ಫ್ರೀಕ್ವೆನ್ಸಿ. ಅಂದ ಮೇಲೆ ಕಂಪ್ಯೂಟರಿನ ಸೌಂಡ್ ಕಾರ್ಡೇ ಸಾಕು, ಎಡಕ್ಕೆ ಒಂದು ಸುರುಳಿ, ಬಲಕ್ಕೆ ಇನ್ನೊಂದು, ಮಧ್ಯೆ ಸಿಗ್ನಲ್ ದೊಡ್ಡದು ಮಾಡುವ ಸಣ್ಣ ಆಪ್-ಆಂಪ್ ಆಂಪ್ಲಿಫೈಯರ್. ಮೊದಲು ತಂದ ಅಗ್ಗದ ಯುಎಸ್‌ಬಿ ಕಾರ್ಡಿನಲ್ಲಿ ಮೈಕ್ ಇನ್‌ಪುಟ್ ಒಂದೇ ಚಾನೆಲ್ಲಿನದ್ದು, ಎರಡು ಸುರುಳಿಯೂ ಒಂದೇ ಓದು ಕೊಡುತ್ತಿದ್ದವು, ಮಿಂಚುಗಳೆಲ್ಲ ಸರಿಯಾಗಿ ಈಶಾನ್ಯದಲ್ಲೇ ಕಾಣುತ್ತಿದ್ದವು! ಕೊಳ್ಳುವಾಗ ಸ್ಟೀರಿಯೋ ಇನ್‌ಪುಟ್ ಇದೆಯಾ ಅಂತ ಕೇಳಿ ಕೊಳ್ಳಿ.

ಹೆಡ್‌ಫೋನ್ ಹಾಕಿ ಆ ಸುರುಳಿಗಳನ್ನು ಮೊದಲ ಸಲ ಕೇಳಿದ್ದು ಮರೆಯಲಾರೆ. ತಳದಲ್ಲಿ ಕರೆಂಟಿನ ಝುಯ್ ಅನ್ನುವ ಸದ್ದು. ಅದರ ಮೇಲೆ ಸೆಕೆಂಡಿಗೊಂದು ಟಕ್, ಟಕ್, ಗಡಿಯಾರದ ಹಾಗೆ. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಗೊತ್ತಾಯಿತು, ಅದು ಹಂದಿ ಬರದ ಹಾಗೆ ಗದ್ದೆಗೆ ಹಾಕಿದ ಸೋಲಾರ್ ಬೇಲಿ. ಲಯ ತಪ್ಪದೆ ಬರುವುದನ್ನು ಪ್ರೋಗ್ರಾಮಿನಲ್ಲಿ ಕಳೆದುಬಿಟ್ಟೆ. ಆಮೇಲೆ ಒಂದು ರಾತ್ರಿ ಕರೆಂಟ್ ಹೋಯಿತು. ಝುಯ್ ನಿಂತಿತು. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ, ಎಲ್ಲೆಲ್ಲಿಯದೋ ಮಿಂಚುಗಳು ಒಂದೊಂದಾಗಿ ಕೇಳತೊಡಗಿದವು. ಹೊರಗೆ ಆಕಾಶದ ತುಂಬ ನಕ್ಷತ್ರ. ಕರೆಂಟ್ ಹೋದಾಗಲೇ ಈ ಯಂತ್ರಕ್ಕೆ ಕಿವಿ ಚುರುಕು, ನಮಗೆ ಬೇಕಾದದ್ದೂ ಆಗಲೇ.

ಸುರುಳಿಗಳಿಗೆ ಒಂದು ಕೊರತೆ ಇದೆ. ಗೆರೆ ಹೇಳುತ್ತವೆ, ಗೆರೆಯ ಯಾವ ತುದಿ ಅಂತ ಹೇಳುವುದಿಲ್ಲ. ಮೂಡುಗಡೆ ಶಿಕಾರಿಪುರದ ಮಿಂಚೂ ಅದರ ನೇರ ಎದುರು ಪಡುಗಡೆಯ ಮಿಂಚೂ ಅವಕ್ಕೆ ಒಂದೇ. ಅದಕ್ಕೆ ನೆಟ್ಟಗೆ ನಿಲ್ಲಿಸಿದ ಒಂದು ಮೀಟರ್ ತಂತಿ ಬೇಕು, ಮೂರನೆಯ ಆಂಟೆನಾ. ಸುರುಳಿ ಹಿಡಿಯುವುದು ಕಾಂತಕ್ಷೇತ್ರ, ನೆಟ್ಟಗಿನ ತಂತಿ ಹಿಡಿಯುವುದು ವಿದ್ಯುತ್ ಕ್ಷೇತ್ರ. ಎರಡರ ಮೊದಲ ಏರು ಒಂದೇ ಕಡೆಗಿದ್ದರೆ ಈ ತುದಿ, ಎದುರುಬದುರಾಗಿದ್ದರೆ ಆ ತುದಿ. ಮಿಂಚಿನ ಚಾರ್ಜ್ ಧನವಾಗಲಿ ಋಣವಾಗಲಿ, ಎರಡೂ ಕ್ಷೇತ್ರ ಒಟ್ಟಿಗೇ ತಲೆಕೆಳಗಾಗುತ್ತವೆ, ಹಾಗಾಗಿ ಉತ್ತರ ಕೆಡುವುದಿಲ್ಲ. ಇದನ್ನು ಮೊದಲ ಸಲ ಕಾಗದದ ಮೇಲೆ ಬರೆದು ನೋಡಿದಾಗ ಆದ ಖುಷಿ ಈಗಲೂ ಇದೆ. ಆದರೆ ಸ್ಟೀರಿಯೋ ಕಾರ್ಡಿಗೆ ಎರಡೇ ಕಿವಿ. ತಾಳಮದ್ದಳೆ ರೆಕಾರ್ಡ್ ಮಾಡುವ ಗೆಳೆಯನ ಹತ್ತಿರ ನಾಲ್ಕು ಮೈಕಿನ ಹಳೆಯ ಇಂಟರ್‌ಫೇಸ್ ಇತ್ತು. ಮಳೆಗಾಲ ಮುಗಿಯುವವರೆಗೆ ಇಟ್ಟುಕೋ ಅಂದ.

ಏಪ್ರಿಲ್ ಪೂರ್ತಿ ಸರಿಹೊಂದಿಸುವ ಕೆಲಸ. ನಾನು ದಿಕ್ಸೂಚಿ, ಗಡಿಯಾರ ಹಿಡಿದು ಮನೆ ಹಿಂದಿನ ಗುಡ್ಡದ ನೆತ್ತಿಯಲ್ಲಿ ಕೂತು ದೂರದ ಮಿಂಚಿನ ದಿಕ್ಕು ಬರೆದುಕೊಳ್ಳುತ್ತಿದ್ದೆ, ಅಟ್ಟದಲ್ಲಿ ಕಂಪ್ಯೂಟರ್ ತನ್ನದನ್ನು ಬರೆದುಕೊಳ್ಳುತ್ತಿತ್ತು. ಗುಡುಗಲು ಶುರುವಾದ ಕೂಡಲೇ ಇಳಿದು ಬರುವುದು ಅಂತ ಅಪ್ಪಯ್ಯನಿಗೆ ಮಾತು ಕೊಟ್ಟಿದ್ದೆ. ಪೂರ್ವದಲ್ಲಿ ಎರಡೂ ಐದಾರು ಡಿಗ್ರಿ ಒಳಗೆ ಹೊಂದಿದವು. ಪಶ್ಚಿಮದಲ್ಲಿ ಮಾತ್ರ ಹದಿನೈದು ಡಿಗ್ರಿ ತಪ್ಪು. ಆ ಕಡೆಗೇ ಪಂಪ್‌ಸೆಟ್ಟಿನ ಲೈನು ಹೋಗಿದೆ, ಉದ್ದ ತಂತಿ ತಾನೂ ಅಲೆ ಹಿಡಿದು ಮತ್ತೆ ಹೊರಗೆ ಬಿಡುತ್ತದೆ. ಒಂದು ತಿದ್ದುಪಡಿ ಪಟ್ಟಿ ಮಾಡಿ ಹಾಕಿದೆ. ಮೋಡದ ಒಳಗೇ ಅಡ್ಡಡ್ಡ ಓಡುವ ಮಿಂಚು ಹತ್ತಿರವಿದ್ದರೆ ದಿಕ್ಕು ಹೇಗೆ ಬೇಕಾದರೂ ಬರಬಹುದು, ಅದಕ್ಕೆ ಪಟ್ಟಿಯಿಂದ ಪರಿಹಾರವಿಲ್ಲ. ಹತ್ತು ನಿಮಿಷದ ಮಿಂಚುಗಳನ್ನೆಲ್ಲ ಸೇರಿಸಿ ಯಾವ ಕಡೆ ಗುಂಪಾಗಿವೆ ಅಂತ ನೋಡುವುದೇ ಸರಿ.

ಭರಣಿ ಮಳೆ ಬಂದ ದಿನ ಇದೆಲ್ಲ ಒಟ್ಟಿಗೆ ಕೆಲಸ ಮಾಡಿತು. ಮಧ್ಯಾಹ್ನ ಮೂರಕ್ಕೆ 37 ಕಿಲೋಮೀಟರ್, ದಿಕ್ಕು ಉತ್ತರದಿಂದ ಪೂರ್ವಕ್ಕೆ ಎಣಿಸಿದರೆ 70 ಡಿಗ್ರಿ. ಶಿಕಾರಿಪುರ. ಬೇಸಿಗೆಯ ಗುಡುಗು ಮಳೆ ನಮಗೆ ಹೆಚ್ಚಾಗಿ ಬರುವುದು ಮೂಡುಗಡೆಯಿಂದಲೇ. 31, 27, 24. ದಿಕ್ಕು 60ಕ್ಕೆ ಸರಿಯಿತು, ಆಮೇಲೆ 45, ಆಮೇಲೆ 20. ದೂರ 20ರಲ್ಲೇ ನಿಂತಿತು. ಮೋಡ ಸೊರಬದ ಕಡೆ ಜಾರುತ್ತಿತ್ತು. ನಮ್ಮಲ್ಲಿ ನಾಲ್ಕು ಹನಿಯೂ ಬೀಳಲಿಲ್ಲ. ಎರಡು ದಿನ ಬಿಟ್ಟು ಮತ್ತೆ 37, 71 ಡಿಗ್ರಿ. 27 ಆಯಿತು, ದಿಕ್ಕು 72. 17 ಆಯಿತು, ದಿಕ್ಕು 70. ಅಲ್ಲಾಡಲಿಲ್ಲ. ದೂರ ಕಡಿಮೆಯಾಗುತ್ತ ದಿಕ್ಕು ಬದಲಾಗದೆ ಇದ್ದರೆ ಅದು ನೇರ ನಮ್ಮ ಮೇಲೇ ಬರುತ್ತಿದೆ ಅಂತ ಅರ್ಥ. ಮುಕ್ಕಾಲು ಗಂಟೆಗೆ ಅಂಗಳದಲ್ಲಿ ಆಲಿಕಲ್ಲು ಬಿತ್ತು.

ಹೀಗೆ ನಿಯಮ ಸಿಕ್ಕಿತು. ದಿಕ್ಕು ನಿಂತಿದ್ದು ದೂರ 17ಕ್ಕೆ ಇಳಿದರೆ ಹಾರ್ನ್. ದಿಕ್ಕು ಏನೇ ಇರಲಿ, 12ಕ್ಕೆ ಇಳಿದರೆ ಹಾರ್ನ್, ಯಾಕೆಂದರೆ ಮೋಡದಿಂದ ಹತ್ತು ಕಿಲೋಮೀಟರ್ ಆಚೆಗೂ ಸಿಡಿಲು ಬೀಳುತ್ತದೆ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಯಾರೂ ತೋಟಕ್ಕೆ ಇಳಿಯುವಂತಿಲ್ಲ. ಯಂತ್ರ ಸುಮ್ಮನಿದ್ದರೂ ಗುಡುಗು ಕೇಳಿದರೆ ಗುಡುಗಿನ ಮಾತೇ ನಡೆಯಬೇಕು. ಈ ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ, ಅವರಲ್ಲಿ ಬಹಳಷ್ಟು ಜನ ಹೊಲ ಗದ್ದೆಯಲ್ಲಿ ಇದ್ದವರು.

ಹಾರ್ನ್ ಅಂದರೆ ಲಾರಿಯದ್ದು, ಗುಜರಿಯಿಂದ ತಂದದ್ದು, ಹನ್ನೆರಡು ವೋಲ್ಟಿನ ಬ್ಯಾಟರಿಗೆ ರಿಲೇ ಹಾಕಿ ತೋಟದ ಕಡೆಯ ಜಗುಲಿಗೆ ಕಟ್ಟಿದ್ದೇನೆ.

ಮೊನ್ನೆ ಸ್ವಾತಿ ಮಳೆಯಲ್ಲಿ, ಎರಡನೇ ಕೊಯ್ಲಿನ ದಿನ, ಮಧ್ಯಾಹ್ನ ಎರಡೂಕಾಲು ಗಂಟೆಗೆ ಅದು ಕೂಗಿತು. ದಿಕ್ಕು 75, ದೂರ 17. ಕಣಿವೆಯಲ್ಲಿ ಬಿಸಿಲಿತ್ತು. ಕೊನೆಗೌಡರು ತಲೆಯೆತ್ತಿ ಸೋಗೆ ಸಂದಿಯಲ್ಲಿ ನೋಡಿದರು, "ಬಿಸ್ಲು ಹಿಂಗ್ ಐತಲ್ರೀ" ಅಂದರು. ಆದರೂ ದೋಟಿಯನ್ನು ನೆಲಕ್ಕೆ ಮಲಗಿಸಿ ಬಂದರು. ಜಗುಲಿಯಲ್ಲಿ ಚಾ ಕುಡಿದು, ಕವಳ ಹಾಕಿ ಕೂತರು. ಇಪ್ಪತ್ತು ನಿಮಿಷ ಏನೂ ಇಲ್ಲ. ನಾನು ಅಟ್ಟ ಹತ್ತಿ ಇಳಿದು ಮಾಡುತ್ತಿದ್ದೆ, 14, 12, 10. ಆಮೇಲೆ ಮೂಡುಗಡೆ ಗುಡ್ಡದ ಹಿಂದಿನಿಂದ ಮೊದಲ ಗುಡುಗು ಬಂತು, ಉದ್ದಕ್ಕೆ, ಮರದ ಗಾಲಿ ಉರುಳಿದ ಹಾಗೆ. ಅವರು ಕವಳ ಉಗುಳಿ ಬಂದು ಕೇಳಿದರು, "ಇದ್ರಾಗೆ ಈಗ ಎಷ್ಟು ತೋರಿಸ್ತದೆ?"