ಹೆಸರು ಹಾಕದಿದ್ದರೆ ಸಾಕು ಅಂದುಕೊಂಡಿದ್ದೆ

ನಾನು ಒಂದು ಕನ್ನಡ ದಿನಪತ್ರಿಕೆಯ ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ಜಿಲ್ಲೆಗಳಿಂದ ಬರುವ ಕಾಪಿ, ಅಂದರೆ ವರದಿಗಾರರು ಬರೆದ ಸುದ್ದಿ, ತಿದ್ದುವುದು, ಹೆಡ್ಡಿಂಗ್ ಕೊಡುವುದು, ಹೊತ್ತಿಗೆ ಸರಿಯಾಗಿ ಪೇಜ್ ಅಚ್ಚಿಗೆ ಬಿಡುವುದು. ವಾಕ್ ಸ್ವಾತಂತ್ರ್ಯ, ಖಾಸಗಿತನ ಅಂತ ದೊಡ್ಡ ದೊಡ್ಡ ಮಾತು ಕೇಳುತ್ತೇವಲ್ಲ, ಅವು ನನ್ನ ಕೆಲಸದಲ್ಲಿ ರಾತ್ರಿ ಹತ್ತು ಗಂಟೆಗೆ, ಪೇಜ್ ಬಿಡಲು ಅರ್ಧ ಗಂಟೆ ಇರುವಾಗ, ಒಂದೇ ಒಂದು ವಾಕ್ಯದ ರೂಪದಲ್ಲಿ ಎದುರಿಗೆ ಬರುತ್ತವೆ. ಇದು ನನಗೆ ತಡವಾಗಿ ತಿಳಿಯಿತು. ಅದಕ್ಕೆ ಬೇರೆಯವರು ಬೆಲೆ ಕೊಟ್ಟರು.

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಪೋಕ್ಸೊ ಪ್ರಕರಣದ, ಅಂದರೆ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣದ, ಕಾಪಿ ಬಂತು. ವರದಿಗಾರರು ಹುಡುಗಿಯ ಹೆಸರು ಹಾಕಿರಲಿಲ್ಲ. ಫೋಟೊ ಇರಲಿಲ್ಲ. ಸರಿ ಇದೆ ಅಂತ ನಾನು ಪೇಜಿಗೆ ಬಿಟ್ಟೆ. ಕಾಪಿಯಲ್ಲಿ ಊರಿನ ಹೆಸರಿತ್ತು, ಎಂಟನೇ ಕ್ಲಾಸ್ ಅಂತ ಇತ್ತು, ತಂದೆ ಟೈಲರ್ ಅಂತ ಇತ್ತು. ಓದುವವರಿಗೆ ಮನೆಯ ಸ್ಥಿತಿ ತಿಳಿಯಲಿ ಅಂತ ಆ ವರದಿಗಾರರು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದರು.

ಮರುದಿನ ಮಧ್ಯಾಹ್ನ ಆಫೀಸಿಗೆ ಫೋನ್ ಬಂತು. ಹುಡುಗಿಯ ತಾಯಿ. ನಾವು ಹೆಸರು ಹಾಕಿಲ್ಲಮ್ಮ ಅಂದೆ. "ಹೆಸರು ಹಾಕಿಲ್ಲ ಅಂತೀರಲ್ಲ ಸರ್, ನಮ್ಮೂರಲ್ಲಿ ಟೈಲರ್ ಇರೋದೇ ಒಬ್ಬರು" ಅಂದರು. ಆಮೇಲೆ ಏನೂ ಮಾತಾಡಲಿಲ್ಲ. ಫೋನ್ ಇಡಲೂ ಇಲ್ಲ. ನನಗೂ ಏನು ಹೇಳಬೇಕು ಅಂತ ತಿಳಿಯಲಿಲ್ಲ.

ಆ ಸಂಜೆ ಪೋಕ್ಸೊ ಕಾಯ್ದೆ ತೆಗೆದು 23ನೇ ಸೆಕ್ಷನ್ ಓದಿದೆ. ಅಷ್ಟು ವರ್ಷ ಕೆಲಸ ಮಾಡಿಯೂ ಪೂರ್ತಿ ಓದಿರಲಿಲ್ಲ. ಹೆಸರು ಮಾತ್ರ ಅಲ್ಲ, ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ನೆರೆಹೊರೆ, ಮಗು ಯಾರು ಅಂತ ಗೊತ್ತಾಗುವ ಇನ್ಯಾವುದೇ ವಿವರ, ಯಾವುದನ್ನೂ ಹಾಕಬಾರದು ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಮೀರಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಇದನ್ನೇ ಇನ್ನಷ್ಟು ಬಿಗಿಯಾಗಿ ಹೇಳಿತ್ತು: ದೂರದಿಂದಲೂ ಗುರುತು ಸಿಗುವಂಥ ಒಂದು ವಿವರವೂ ಹೊರಗೆ ಬರಬಾರದು. ನಾನು ಬಿಟ್ಟ ಕಾಪಿಯಲ್ಲಿ ಅಂಥವು ಮೂರಿದ್ದವು.

ಅಲ್ಲಿಂದ ಸಂವಿಧಾನದ ಕಡೆ ಹೋದೆ. ನಮ್ಮ ಆಫೀಸಿನಲ್ಲಿ ಯಾರಾದರೂ ಸುದ್ದಿ ತಡೆಯಲು ಬಂದರೆ ನಾವೆಲ್ಲ ವಾಕ್ ಸ್ವಾತಂತ್ರ್ಯದ ವಿಧಿ 19(1)(ಎ) ಅನ್ನುತ್ತೇವೆ, ಅದು ನಮ್ಮ ಸ್ವಂತ ಆಸ್ತಿ ಅನ್ನುವ ಹಾಗೆ. ಆದರೆ ಆ ವಿಧಿಯಲ್ಲಿ ಪತ್ರಿಕೆ ಅನ್ನುವ ಪದವೇ ಇಲ್ಲ. ಎಲ್ಲ ನಾಗರಿಕರಿಗೂ ಇರುವ ಮಾತಿನ ಹಕ್ಕೇ ನಮಗೂ ಇರುವುದು. ಪತ್ರಿಕೆಗೆ ಅಂತ ಬೇರೆ ಹಕ್ಕು ಬರೆಯಬೇಕಾಗಿಲ್ಲ ಅಂತ ಅಂಬೇಡ್ಕರ್ ಅವರೇ ಸಂವಿಧಾನ ಸಭೆಯಲ್ಲಿ ಹೇಳಿದ್ದರು. ಅಂದರೆ ನನ್ನ ಹಕ್ಕೂ ಆ ಟೈಲರ್ ಹಕ್ಕೂ ಒಂದೇ ಅಳತೆಯದು. ವ್ಯತ್ಯಾಸ ಏನೆಂದರೆ ನನ್ನ ಕೈಯಲ್ಲಿ ಪ್ರಿಂಟಿಂಗ್ ಮೆಷಿನ್ ಇದೆ, ಅವರ ಕೈಯಲ್ಲಿ ಇಲ್ಲ.

ಮಾತಿನ ಹಕ್ಕಿಗೆ ಸರ್ಕಾರ ಯಾವ ಕಾರಣಕ್ಕೆ ಮಿತಿ ಹಾಕಬಹುದು ಅನ್ನುವುದು 19(2)ರಲ್ಲಿದೆ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನಹಾನಿ, ನ್ಯಾಯಾಂಗ ನಿಂದನೆ ಹೀಗೆ ಎಂಟು ಕಾರಣ. ಆ ಪಟ್ಟಿಯ ಹೊರಗಿನ ಕಾರಣಕ್ಕೆ ಬಾಯಿ ಮುಚ್ಚಿಸುವ ಹಾಗಿಲ್ಲ. ಆನ್‌ಲೈನ್‌ನಲ್ಲಿ ಬೇರೆಯವರಿಗೆ ಕಿರಿಕಿರಿ ಆಗುವಂಥದ್ದು ಹಾಕಿದರೆ ಅಪರಾಧ ಅನ್ನುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋದದ್ದು ಇದೇ ಕಾರಣಕ್ಕೆ. ಯಾರಿಗೋ ಕಿರಿಕಿರಿ ಆಯಿತು ಅನ್ನುವುದು ಆ ಎಂಟರಲ್ಲಿ ಇಲ್ಲ, ಅಲ್ವಾ? ಆದರೆ ಖಾಸಗಿತನವೂ ಆ ಎಂಟರಲ್ಲಿ ಇಲ್ಲ. ಇದನ್ನು ನೋಡಿ ನಾನು ಸ್ವಲ್ಪ ಹೊತ್ತು ಸುಮ್ನೆ ಕುಳಿತೆ. ಹಾಗಾದರೆ ಆ ತಾಯಿಗೆ ಸಂವಿಧಾನದಲ್ಲಿ ಏನಿದೆ?

ಇರುವುದು 21ನೇ ವಿಧಿ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು. ಅದರೊಳಗೆ ಖಾಸಗಿತನ ಇದೆ ಅಂತ ಗಟ್ಟಿಯಾಗಲು ತುಂಬ ವರ್ಷ ಬೇಕಾಯಿತು. 1954ರಲ್ಲಿ ಎಂಟು ನ್ಯಾಯಮೂರ್ತಿಗಳ ಪೀಠ, 1962ರಲ್ಲಿ ಆರು ನ್ಯಾಯಮೂರ್ತಿಗಳ ಪೀಠ ಅಂಥ ಮೂಲಭೂತ ಹಕ್ಕನ್ನು ಒಪ್ಪಿರಲಿಲ್ಲ. ಕೊನೆಗೆ ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರ ವಯಸ್ಸು ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂದರು. ಆ ಸುದ್ದಿಯ ಕಾಪಿಯನ್ನು ಆ ರಾತ್ರಿ ತಿದ್ದಿದವನು ನಾನೇ. ದೊಡ್ಡ ಹೆಡ್ಡಿಂಗ್ ಕೊಟ್ಟಿದ್ದೆ. ನನ್ನ ಟೇಬಲ್‌ಗೂ ಅದಕ್ಕೂ ಸಂಬಂಧ ಇದೆ ಅಂತ ಒಂದು ಕ್ಷಣವೂ ಅನಿಸಿರಲಿಲ್ಲ. ಅದು ಸರ್ಕಾರದ ವಿಷಯ, ಆಧಾರ್ ವಿಷಯ ಅಂದುಕೊಂಡಿದ್ದೆ.

ಟೈಲರ್ ಕಾಪಿ ಆದಮೇಲೆ ನಾನು ಇನ್ನೊಂದು ತಪ್ಪು ಮಾಡುತ್ತಾ ಹೋದೆ. ಹೆದರಿಕೆ. ಯಾವ ಕಾಪಿ ಬಂದರೂ ಹೆಸರು ತೆಗೆಯುವುದು, ಊರು ತೆಗೆಯುವುದು, "ಅಧಿಕಾರಿಯೊಬ್ಬರು" ಅಂತ ಮಾಡುವುದು. ಒಂದು ದಿನ ತಾಲ್ಲೂಕು ಮಟ್ಟದ ಅಧಿಕಾರಿಯೊಬ್ಬರ ಮೇಲಿನ ಸುದ್ದಿ ಬಂತು. ಜಮೀನಿನ ಫೈಲುಗಳನ್ನು ತಿಂಗಳುಗಟ್ಟಲೆ ಹಿಡಿದಿಟ್ಟಿದ್ದರು. ಎಲ್ಲದಕ್ಕೂ ದಾಖಲೆ ಇತ್ತು. ಜೊತೆಗೆ ಎರಡು ಪ್ಯಾರಾ ಅವರ ಮನೆಯ ವಿಷಯ: ಹೆಂಡತಿ ವಿಚ್ಛೇದನಕ್ಕೆ ಹಾಕಿದ್ದಾರೆ, ಅರ್ಜಿಯಲ್ಲಿ ಹೀಗೆ ಹೀಗೆ ಬರೆದಿದ್ದಾರೆ. ಸಂಜೆ ಆ ಅಧಿಕಾರಿಯೇ ಫೋನ್ ಮಾಡಿ, ಇದೆಲ್ಲ ನನ್ನ ಪ್ರೈವಸಿ, ಹಾಕಿದರೆ ಕೋರ್ಟಿಗೆ ಹೋಗುತ್ತೇನೆ ಅಂದರು. ನಾನು ಅವರ ಹೆಸರು, ಹುದ್ದೆ ಎರಡನ್ನೂ ತೆಗೆದುಬಿಟ್ಟೆ. ಮನೆಯ ವಿಷಯವನ್ನು, ಹೇಗೂ ಹೆಸರಿಲ್ಲವಲ್ಲ ಅಂತ, ಹಾಗೇ ಬಿಟ್ಟೆ.

ನಮ್ಮ ಸುದ್ದಿ ಸಂಪಾದಕರು ಪೇಜ್ ಪ್ರೂಫ್ ನೋಡಿ ನನ್ನನ್ನು ಕರೆದರು. ಬೈಯಲಿಲ್ಲ. ಕುರ್ಚಿ ಎಳೆದು ಕೂರಿಸಿ, "ನೀವು ಉಲ್ಟಾ ಮಾಡಿದ್ದೀರಿ. ಇಡಬೇಕಾದ್ದು ತೆಗೆದಿದ್ದೀರಿ, ತೆಗೆಯಬೇಕಾದ್ದು ಇಟ್ಟಿದ್ದೀರಿ" ಅಂದರು. ಆಮೇಲೆ 1994ರ ರಾಜಗೋಪಾಲ್ ತೀರ್ಪಿನ ಬಗ್ಗೆ ಹೇಳಿದರು. ತಮಿಳುನಾಡಿನ ಜೈಲಿನಲ್ಲಿದ್ದ ಆಟೊ ಶಂಕರ್ ಅನ್ನುವ ಕೊಲೆ ಅಪರಾಧಿ ಆತ್ಮಕಥೆ ಬರೆದಿದ್ದ. ಅದರಲ್ಲಿ ಅಧಿಕಾರಿಗಳ ಜೊತೆ ತನಗಿದ್ದ ನಂಟಿನ ವಿಷಯ ಇತ್ತು. ತಮಿಳು ಪತ್ರಿಕೆಯೊಂದು ಹಾಕಲು ಹೊರಟಾಗ ಜೈಲಿನ ಅಧಿಕಾರಿಗಳು ತಡೆಯಲು ನೋಡಿದರು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮಾನಹಾನಿ ಆಗಬಹುದು ಅಂತ ಅಧಿಕಾರಿಗಳು ಮುಂಚೆಯೇ ಪ್ರಕಟಣೆ ನಿಲ್ಲಿಸುವ ಹಾಗಿಲ್ಲ, ಸರ್ಕಾರಿ ಕೆಲಸಕ್ಕೆ ಸಂಬಂಧಿಸಿದ ನಡವಳಿಕೆಯ ವಿಷಯದಲ್ಲಿ ಅಧಿಕಾರಿಗೆ ಖಾಸಗಿತನದ ರಕ್ಷಣೆ ಸಿಗುವುದಿಲ್ಲ ಅಂದಿತು. ಅದೇ ತೀರ್ಪು, ಒಬ್ಬ ಮನುಷ್ಯನ ಮನೆ, ಮದುವೆ, ಮಕ್ಕಳು, ಓದು ಇವುಗಳ ಬಗ್ಗೆ ಒಪ್ಪಿಗೆ ಇಲ್ಲದೆ ಬರೆಯಬೇಡಿ ಅಂತಲೂ ಹೇಳಿತು. ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಬರೆಯಬಹುದು, ಆದರೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣಿನ ಹೆಸರನ್ನು ದಾಖಲೆಯಲ್ಲಿದ್ದರೂ ಬರೆಯಬಾರದು ಅಂದಿತು. ಅದಕ್ಕೆ ಆಧಾರವಾಗಿ ತೆಗೆದುಕೊಂಡದ್ದು 19(2)ರಲ್ಲಿರುವ ಸಭ್ಯತೆ ಅನ್ನುವ ಪದವನ್ನೇ. ನಾನು ಎಂಟರಲ್ಲಿ ಹುಡುಕಿ ಸಿಗದೆ ಬಿಟ್ಟದ್ದು ಅಲ್ಲೇ ಇತ್ತು.

"ವಿಚ್ಛೇದನದ ಅರ್ಜಿ ಕೋರ್ಟಿನದೇ ದಾಖಲೆ ಅಲ್ವಾ ಸರ್?" ಅಂತ ಕೇಳಿದೆ. ಅವರು ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ತೋರಿಸಿದರು. ಅಂಥ ಪ್ರಕರಣದ ವಿಚಾರಣೆ ಬಾಗಿಲು ಮುಚ್ಚಿಯೇ ನಡೆಯಬೇಕು. ಹೈಕೋರ್ಟ್, ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಕೋರ್ಟಿನ ಅನುಮತಿಯಿಂದ ಪ್ರಕಟಿಸಬಹುದೇ ಹೊರತು ಉಳಿದದ್ದನ್ನು ಅಚ್ಚು ಹಾಕುವುದೇ ಕಾನೂನಿಗೆ ವಿರುದ್ಧ. ಎಷ್ಟು ಡೆಸ್ಕ್‌ಗಳಲ್ಲಿ ಇದು ಗೊತ್ತಿದೆ? ನಟ ನಟಿಯರ ವಿಚ್ಛೇದನದ ಅರ್ಜಿಯನ್ನು ಸಾಲು ಸಾಲಾಗಿ ಓದುವ ಚಾನೆಲ್‌ಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ನಾವೂ ಅದನ್ನೇ ಮಾಡಿದ್ದೇವೆ ಅನ್ನುವುದು ಇನ್ನೂ ಜಾಸ್ತಿ ಸಂಕಟ.

ಆ ಅಧಿಕಾರಿಯ ಹೆಸರು, ಹುದ್ದೆ, ಫೈಲಿನ ವಿವರ ಎಲ್ಲ ಮತ್ತೆ ಕಾಪಿಗೆ ಬಂದವು. ಮನೆಯ ಎರಡು ಪ್ಯಾರಾ ಹೋದವು. ಸುದ್ದಿ ಬಂತು. ಅವರು ಕೋರ್ಟಿಗೆ ಹೋಗಲಿಲ್ಲ.

ಈಗ ನನಗೆ ಜಾಸ್ತಿ ಚಿಂತೆ ಹಚ್ಚಿರುವುದು ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿತು. ಮೊದಲು, ವೈಯಕ್ತಿಕ ಮಾಹಿತಿಯಾದರೂ ಜನರ ಹಿತಕ್ಕೆ ಬೇಕಿದ್ದರೆ ಕೊಡಬೇಕು ಅನ್ನುವ ಮಾತು ಆ ಕಲಮಿನಲ್ಲೇ ಇತ್ತು. ಅದನ್ನು ತೆಗೆದರು. ಜನರ ಹಿತದ ಮಾತು 8(2)ರಲ್ಲಿ ಇನ್ನೂ ಇದೆ ನಿಜ, ಆದರೆ ಅರ್ಜಿ ಹಾಕುವ ಹಳ್ಳಿಯವರಿಗೆ ಗುಮಾಸ್ತರು ಕೊಡುವ ಉತ್ತರದಲ್ಲಿ 8(2) ಕಾಣುತ್ತದೆಯೇ? ಟೈಲರ್ ಮನೆಗೆ ಇರಬೇಕಾದ ಬಾಗಿಲನ್ನು ಆಫೀಸಿನ ಫೈಲಿಗೆ ಹಾಕುವುದು ನನಗೆ ಒಪ್ಪಿಗೆ ಇಲ್ಲ.

ಆ ಹುಡುಗಿಯ ಸುದ್ದಿಯನ್ನು ನಮ್ಮ ವೆಬ್‌ಸೈಟಿನಿಂದ ತೆಗೆಸಿದೆ. ಇ-ಪೇಪರ್‌ನಿಂದಲೂ ತೆಗೆಸಿದೆವು. ಅಷ್ಟರೊಳಗೆ ಪೇಜಿನ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಓಡಾಡಿತ್ತು, ಅದನ್ನು ವಾಪಸ್ ತರುವ ದಾರಿ ಯಾರಿಗೂ ಇರಲಿಲ್ಲ. ಆ ಮನೆಯವರು ಆಮೇಲೆ ಊರು ಬಿಟ್ಟರು ಅಂತ ವರದಿಗಾರರಿಂದ ತಿಳಿಯಿತು.

ಈಗ ಡೆಸ್ಕ್‌ನಲ್ಲಿ ಒಂದು ಕ್ರಮ ಮಾಡಿಕೊಂಡಿದ್ದೇವೆ. ಇಂಥ ಕಾಪಿ ಬಂದರೆ ಕಾನೂನು ನೋಡುವುದರ ಜೊತೆಗೆ, ಆಫೀಸಿನಲ್ಲಿ ಸುದ್ದಿಯ ಊರಿನ ಕಡೆಯವರು ಯಾರಾದರೂ ಇದ್ದರೆ ಅವರಿಂದ ಓದಿಸುತ್ತೇವೆ. ಯಾರು ಅಂತ ಹೇಳಬೇಡಿ, ಯಾವ ಪದ ಓದಿದಾಗ ನಿಮಗೆ ಹೊಳೆಯಿತು ಅಂತ ಅಷ್ಟೇ ತೋರಿಸಿ ಅನ್ನುತ್ತೇವೆ. ಕಳೆದ ವಾರ ಅಂಥದ್ದೇ ಒಂದು ಕಾಪಿ ಬಂದಿತ್ತು. ಊರಿಲ್ಲ, ಶಾಲೆ ಇಲ್ಲ, ತಂದೆಯ ಕೆಲಸ ಇಲ್ಲ. ಪೇಜ್ ಮಾಡುವ ಹುಡುಗ ಆ ಕಡೆಯವನು. ಎರಡು ಸಲ ಓದಿ, "ಗಿರಣಿ ಹಿಂದಿನ ಮನೆ" ಅಂತ ಇದ್ದ ಕಡೆ ಬೆರಳಿಟ್ಟ. ಆ ಮಾತು ತೆಗೆದೆವು. ಹತ್ತು ಮುಕ್ಕಾಲಿಗೆ ಪೇಜ್ ಹೋಯಿತು.